ಹನ್ನೆರಡು ಇಡ್ಲಿ, ಮೂರು ಮಕ್ಕಳು

ನಮ್ಮ ಯಜಮಾನರಿಗೆ ಭಾಗಾಕಾರ ಬರುತ್ತಿರಲಿಲ್ಲ. ಕುಂಬಾರಕೊಪ್ಪಲಿನ ನಮ್ಮ ಬೀದಿಯ ಅರ್ಧ ಮಕ್ಕಳಿಗೆ ಭಾಗಾಕಾರ ಕಲಿಸಿದವರು ಅವರೇ ಎಂಬುದು ಬೇರೆ ಮಾತು.

ಅವರೇನು ಮೇಷ್ಟ್ರಲ್ಲ. ಅಗ್ರಹಾರದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದವರು. ಎಂಟು ಟೇಬಲ್ಲಿನ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟುಕೊಂಡು ತಂದಿಡುತ್ತಿದ್ದರಂತೆ. ಮನೆಗೆ ಉಪ್ಪು ತನ್ನಿ ಎಂದರೆ ಮಾತ್ರ ಸೋಪು ತರುತ್ತಿದ್ದರು. ಕೆಲಸ ಬಿಟ್ಟ ಮೇಲೆ ಒಂದು ದಿನ, ಎದುರುಮನೆ ಮಂಜುಳನ ಮಗಳು ಇಂಚರ, ಮೂರನೇ ಕ್ಲಾಸಿನವಳು, ಹೋಮ್‌ವರ್ಕ್ ಬರದೆ ನಮ್ಮ ಜಗಲಿಯಲ್ಲಿ ಕೂತು ಅಳುತ್ತಿದ್ದಳು. ಅಲ್ಲಿಂದ ಶುರುವಾಯಿತು ನೋಡಿ ಇವರ ಮೇಷ್ಟ್ರುಗಿರಿ.

"ಹನ್ನೆರಡು ಇಡ್ಲಿ. ಮೂರು ಮಕ್ಕಳು. ಒಬ್ಬೊಬ್ರಿಗೆ ಎಷ್ಟು?"

ಅವಳು ಬೆರಳು ಮಡಿಸಿ, "ನಾಕು ತಾತ" ಎಂದಳು.

"ತಪ್ಪು. ಮೂರು."

"ಎಂಗೆ ತಾತ?"

"ಬೇಯಿಸಿ ಬಡಿಸ್ತಾ ಇರೋರು ಏನು ತಿಂತಾರೆ? ಇಡ್ಲಿ ತಟ್ಟೆನಾ?"

ಇದು ಅವರ ಗಣಿತ. ಪುಸ್ತಕದಲ್ಲಿ ಬರೆದಿರಲಿ, ಬಿಟ್ಟಿರಲಿ, ಬಡಿಸುವವರನ್ನು ಸೇರಿಸಿಯೇ ಭಾಗ ಮಾಡಬೇಕು. ಬೀದಿಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಆರು ಜನವಾದರು. ಆರೂ ಜನ ಇದನ್ನೇ ಕಲಿತರು.

ಪರೀಕ್ಷೆ ಬಂತು. ಟೀಚರ್ ಇಪ್ಪತ್ತು ಚಾಕೊಲೇಟನ್ನು ನಾಲ್ಕು ಮಕ್ಕಳಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಎಂದು ಕೇಳಿದ್ದರು. ಇಂಚರ ನಾಲ್ಕು ಎಂದು ಬರೆದು, ಕೆಳಗೆ ‘ಟೀಚರ್‌ಗೂ ನಾಲ್ಕು’ ಎಂದು ಸೇರಿಸಿದ್ದಳು. ಸೊನ್ನೆ ಸಿಕ್ಕಿತು. ಮಂಜುಳ ಉತ್ತರಪತ್ರಿಕೆ ಹಿಡಿದು ಬಂದಳು.

"ಏನ್ ಮಾವ ಇದು, ಬರ್ತಿದ್ದದ್ದನ್ನೂ ಮರೆಸ್ಬುಟ್ಟಿದ್ದೀರಲ್ಲ."

"ಯಾಕಮ್ಮ, ಅವರ ಮಿಸ್ಸು ಚಾಕೊಲೇಟ್ ತಿನ್ನಲ್ವಾ?"

"ಅವ್ರಿಗೆ ಶುಗರ್ ಅಂತೆ."

"ಹಂಗಾದ್ರೆ ಪ್ರಶ್ನೆಯಲ್ಲೇ ಬರೀಬೇಕಿತ್ತು."

ಕೊನೆಗೆ ನಾನೇ ರಾಜಿ ಮಾಡಿಸಿದೆ. ಅಂದಿನಿಂದ ಪ್ರತಿ ಲೆಕ್ಕಕ್ಕೂ ಎರಡು ಉತ್ತರ: ಸ್ಕೂಲ್ ಉತ್ತರ, ಮನೆ ಉತ್ತರ. ಸ್ಕೂಲಿನದು ತಪ್ಪಿದರೆ ಇವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮನೆಯದು ತಪ್ಪಿದರೆ ಶಿಕ್ಷೆ. ಎಂಥ ಶಿಕ್ಷೆ ಅನ್ನುತ್ತೀರಿ? ಎದ್ದು ಅಡುಗೆಮನೆಗೆ ಹೋಗಿ, "ಅಜ್ಜಿ, ನಿಮ್ದು ಊಟ ಆಯ್ತಾ?" ಎಂದು ನನ್ನನ್ನು ಕೇಳಿ ಬರಬೇಕು.

ಶಿಕ್ಷೆ ಮಕ್ಕಳಿಗೋ ನನಗೋ? ಒಂದು ಭಾನುವಾರ ಹನ್ನೊಂದು ಸಲ ಕೇಳಿದರು. ಉಂಡಿರಲಿ ಬಿಡಲಿ, ಆಯ್ತು ಎಂದು ಹೇಳಿ ಕಳಿಸುವುದು ನನಗೆ ರೂಢಿ. ಹನ್ನೊಂದನೆಯ ಸಲ ಮಾತ್ರ ಸೌಟು ಹಿಡಿದೇ ಜಗಲಿಗೆ ಬಂದೆ.

"ರೀ, ಇಷ್ಟು ಸಲ ಉಣ್ಣೋಕೆ ನಾನೇನು ರಾಕ್ಷಸಿನಾ?"

"ಮೂವತ್ತು ವರ್ಷ ಬಡಿಸಿದ್ದೀನಿ ಕಣೇ. ‘ನಿಂದು ಆಯ್ತೇನಪ್ಪ’ ಅಂತ ಕೇಳಿದ ಗಿರಾಕಿ ಎಷ್ಟು ಜನ ಹೇಳು?"

"ಒಂದು ಹತ್ತು ಜನ?"

"ಇಬ್ರು. ಅದ್ರಲ್ಲಿ ಒಬ್ರು ನಮ್ಮಪ್ಪ."

"ಮನೆಗೆ ಬಂದು ನೀವು ನನ್ನನ್ನ ಎಷ್ಟು ಸಲ ಕೇಳಿದ್ರಿ?"

ಎಂಟು ಟೇಬಲ್ ನೆನಪಿಟ್ಟುಕೊಳ್ಳುತ್ತಿದ್ದ ಮನುಷ್ಯ ಸ್ವಲ್ಪ ಹೊತ್ತು ಸ್ಲೇಟು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅದಕ್ಕೇ ಕಣೇ, ಈಗ ಮಕ್ಕಳ ಕೈಲಿ ಬಡ್ಡಿ ಸಮೇತ ಕೇಳಿಸ್ತಾ ಇರೋದು."

ಮಕ್ಕಳೆಲ್ಲ ನಕ್ಕರು. ನಾನು ಒಳಗೆ ಹೋಗಿ ನಕ್ಕೆ.

ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು. ಸರಸ್ವತಿಪುರಂನಿಂದ ಬಂದ ಮಗಳು ಕಾರ್ಯವೆಲ್ಲ ಮುಗಿಯುವವರೆಗೂ ಜೊತೆಗಿದ್ದು ತನ್ನ ಮನೆಗೆ ಹೋದಳು. ಮಕ್ಕಳು ಬರುವುದು ನಿಂತಿತು. ಬಡಿಸುವುದಕ್ಕೆ ಎದುರಿಗೆ ಯಾರೂ ಇಲ್ಲದ ಮೇಲೆ ನನಗೆ ಊಟವೇ ನೆನಪಾಗುತ್ತಿರಲಿಲ್ಲ. ಮಾಡಿದ್ದು ಮಾಡಿದ ಹಾಗೇ ಇರುತ್ತಿತ್ತು.

ಮೊನ್ನೆ ಸಂಜೆ ಸ್ಕೂಲು ಬಿಟ್ಟು ಬಂದ ಇಂಚರ, ಬ್ಯಾಗನ್ನು ಜಗಲಿಯಲ್ಲಿಟ್ಟು ನೇರ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಅಜ್ಜಿ, ನಿಮ್ದು ಊಟ ಆಯ್ತಾ?"

"ಯಾವ ಲೆಕ್ಕ ತಪ್ಪು ಮಾಡಿದ್ಯೇ?"

"ಲೆಕ್ಕನೇ ಮಾಡಿಲ್ಲ ಅಜ್ಜಿ. ಸುಮ್ನೆ ಕೇಳ್ದೆ."

ಆಯ್ತು ಅನ್ನಬೇಕೆಂದೇ ಬಾಯಿ ತೆರೆದೆ. ಅವಳು ಮುದ್ದೆಯ ಪಾತ್ರೆಯ ಮುಚ್ಚಳ ತೆಗೆದು ನೋಡಿಯಾಗಿತ್ತು. ಬೆಳಿಗ್ಗೆ ಕಟ್ಟಿಟ್ಟ ಒಂದೇ ಒಂದು ಮುದ್ದೆ ತಣ್ಣಗೆ ಕೂತಿತ್ತು.

"ಇಲ್ಲ ಕಣಮ್ಮ" ಎಂದೆ.

"ಕೂತ್ಕೊಳಿ, ನಾನೇ ಬಡಿಸ್ತೀನಿ."

ಕೂತೆ. ಮುದ್ದೆ ಇಟ್ಟಳು, ಸಾರು ಬಿಟ್ಟಳು, ಅರ್ಧ ಸಾರು ನೆಲಕ್ಕೆ. ಆಮೇಲೆ ಸೌಟು ಹಿಡಿದು ನಾನು ಉಣ್ಣುವುದನ್ನೇ ನೋಡುತ್ತಾ ನಿಂತಳು. ಇನ್ನೇನು ತುತ್ತು ಮುರಿಯಬೇಕು, ಕೈ ನಿಂತಿತು.

"ನಿಂದು ಆಯ್ತೇನೇ?"

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ನಾನು ಮುದ್ದೆಯನ್ನು ಎರಡು ಭಾಗ ಮಾಡಿ, ಇನ್ನೊಂದು ತಟ್ಟೆ ತಾ ಎಂದೆ.