ನಮ್ಮ ಮನೆಯವರ ಬಂದೂಕು ಮತ್ತು ಮೇಣದ ಡಬ್ಬಿ

ಬಂದೂಕು ಇರುವ ಮನೆಯಲ್ಲಿ ಅಂಜಿಕೆ ಇರುತ್ತದೆ ಎಂದು ಜನ ತಿಳಿದಿರುತ್ತಾರೆ. ವಾಡಿಯ ನಮ್ಮ ಮನೆಯಲ್ಲಿ ಮಾತ್ರ ಅದರಿಂದ ಒಂದಿಲ್ಲೊಂದು ನಗೆಪಾಟಲು ನಡೆದೇ ಇರುತ್ತದೆ. ನಮ್ಮ ಮನೆಯವರು ಫೌಜಿನಿಂದ ರಿಟೈರ್ ಆಗಿ ಬಂದವರು. ಈಗ ಚಿತ್ತಾಪುರದ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂಡುವ ಕೆಲಸ. ಬಂದೂಕು ಬ್ಯಾಂಕಿನದಲ್ಲ, ನಮ್ಮದೇ. ಸ್ವಂತ ಬಂದೂಕು, ಅದಕ್ಕೆ ಲೈಸೆನ್ಸು ಇದ್ದವರಿಗೇ ಆ ನೌಕರಿ. ಬಂದೂಕಿಗೆ ಏನಾದರೂ ಆದರೆ ನೌಕರಿಯೂ ಹೋಯಿತು. ಹೀಗಾಗಿ ಅದಕ್ಕೆ ನಮ್ಮ ಮನೆಯಲ್ಲಿ ಬಾಣಂತಿಗಿಂತ ಹೆಚ್ಚಿನ ಆರೈಕೆ.

ಹಿಟ್ಟು ಹಚ್ಚಿದ ಬಂದೂಕು

ಮೊದಲು ಎಲ್ಲರಂತೆ ಇವರೂ ಎಣ್ಣೆಯನ್ನೇ ಹಚ್ಚುತ್ತಿದ್ದರು. ಆದರೆ ವಾಡಿಯಲ್ಲಿ ನಾವು ಉಸಿರಾಡುವುದರಲ್ಲಿ ಅರ್ಧ ಗಾಳಿ, ಅರ್ಧ ಸಿಮೆಂಟ್ ಫ್ಯಾಕ್ಟರಿಯ ಸುಣ್ಣದ ಕಲ್ಲಿನ ಧೂಳು. ಒಂದು ಬೇಸಿಗೆಯಲ್ಲಿ ಚೆನ್ನಾಗಿ ಎಣ್ಣೆ ಹಚ್ಚಿ, ಗೋಡೆಗೆ ಆನಿಸಿಟ್ಟು, ಊಟಕ್ಕೆ ಕುಳಿತರು. ಎದ್ದು ನೋಡುವಷ್ಟರಲ್ಲಿ ನಳಿಗೆಯ ಮೇಲೆಲ್ಲ ಬೂದು ಬಣ್ಣದ ಹಿಟ್ಟು.

"ಹಿಟ್ಟಿನ್ಯಾಗ ಅದ್ದಿದ ಮೆಣಸಿನಕಾಯಿ ಆಗ್ಯದ ನೋಡ್ರಿ. ಎಣ್ಣಿ ಕಾಸ್ಲೇನು?" ಎಂದೆ. ಅವರು ನಗಲಿಲ್ಲ.

ಆಮೇಲೆ ಹಳೆಯ ಫೌಜಿ ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು: "ಎಣ್ಣಿ ಬಿಡು, ಮೇಣ ಹಚ್ಚು." ಜೇನುಮೇಣ, ಅದಕ್ಕಿಷ್ಟು ಟರ್ಪೆಂಟೈನು. ಬಿಸಿನೀರಿನ ಮೇಲಿಟ್ಟು ಕರಗಿಸಿದರೆ ಬೆಣ್ಣೆಯಂತಹ ಮುಲಾಮು. ತೆಳ್ಳಗೆ ಸವರಿ, ಆರಲು ಬಿಟ್ಟು, ಬಟ್ಟೆಯಿಂದ ಉಜ್ಜಿದರೆ ಮುಗಿಯಿತು. ಹಿಡಿಯ ಕಟ್ಟಿಗೆ ಮಳೆಗಾಲದ ಹಸಿ ಕುಡಿಯುವುದಿಲ್ಲ, ಕೈಯ ಬೆವರಿಗೆ ಕಬ್ಬಿಣ ತುಕ್ಕು, ಜಂಗು ಹಿಡಿಯುವುದಿಲ್ಲ, ಧೂಳು ಅಂಟುವುದಿಲ್ಲ. ಮೇಣ ಚಿಂಚೋಳಿಯಿಂದ ಬಂತು, ಟರ್ಪೆಂಟೈನು ಪೇಂಟಿನ ಅಂಗಡಿಯಿಂದ. ಕರಗಿಸಲು ಪಾತ್ರೆ ಮಾತ್ರ ನನ್ನನ್ನು ಕೇಳದೆ ನನ್ನ ಅಡುಗೆಮನೆಯಿಂದ ಹೋಯಿತು. ಆವತ್ತು ಮನೆಗೆ ಬಂದ ಬೀಗರು ಅದೇ ಪಾತ್ರೆಯಲ್ಲಿ ಕಾಸಿದ ಚಹಾ ಕುಡಿದು, "ಮನೀಗಿ ಬಣ್ಣ ಹೊಡಿಸೀರೇನ್ರಿ?" ಎಂದು ಕೇಳಿದರು.

ಅತ್ತೆಯ ಮೊಣಕಾಲು

ಆ ಮುಲಾಮನ್ನು ಇವರು ತುಂಬಿಟ್ಟದ್ದು ನೋವಿನ ಔಷಧಿಯ ಖಾಲಿ ಡಬ್ಬಿಯಲ್ಲಿ. ನಮ್ಮ ಅತ್ತೆಗೆ ಮೊಣಕಾಲು ನೋವು. ಡಬ್ಬಿ ಕಂಡಿತು, ಹಚ್ಚಿಕೊಂಡರು. ಮಗನಿಗೆ ಗೊತ್ತಾಗುವಷ್ಟರಲ್ಲಿ ಡಬ್ಬಿಯ ತಳ ಕಾಣುತ್ತಿತ್ತು.

"ಯವ್ವಾ, ಅದು ಬಂದೂಕಿಂದು!"

"ಇರ್ಲಿ ಬಿಡಪ, ಭಾಳ ಹಗುರಾಗ್ಯದ. ದವಾಖಾನಿದಕ್ಕಿಂತ ಇದೇ ಛಲೋ."

ಮಗ ತಾಯಿಯ ಮೊಣಕಾಲನ್ನೊಮ್ಮೆ, ಬಂದೂಕನ್ನೊಮ್ಮೆ ನೋಡಿದರು. ಎರಡೂ ಫಳಫಳ ಹೊಳೆಯುತ್ತಿದ್ದವು. ಈಗ ಬಂದೂಕಿಗೆ ಮೇಣ ಹಚ್ಚುವ ದಿನ ಅತ್ತೆಯೂ ಸೀರೆ ಸರಿಸಿಕೊಂಡು ಪಕ್ಕದಲ್ಲಿ ಕೂಡುತ್ತಾರೆ, ಮೊದಲ ಪಾಳಿ ಅವರದೇ.

ಬ್ಯಾಂಕಿನ ಬಾಗಿಲಲ್ಲಿ

ಬ್ಯಾಂಕಿನಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇವರು ಬಟ್ಟೆಯಿಂದ ಬಂದೂಕು ಉಜ್ಜುತ್ತ ಕೂಡುತ್ತಾರೆ. ಪೆನ್ಶನ್ನಿಗೆ ಬಂದ ಒಬ್ಬ ಮುದುಕಿ ಬಹಳ ಹೊತ್ತು ನೋಡಿ ಕೇಳಿದಳಂತೆ:

"ಇದನ್ನ ಎಂದರ ಹಾರಿಸೀಯೇನಪ?"

"ಇಲ್ಲವ್ವ, ಇಲ್ಲಿ ಬಂದಮ್ಯಾಲ ಒಮ್ಮಿನೂ ಇಲ್ಲ."

"ಮತ್ತ ಇಷ್ಟ್ಯಾಕ ತಿಕ್ಕಲಿಕತ್ತಿ?"

"ಹಾರ್ಸೋ ಪಾಳಿ ಬರಬಾರ್ದು ಅಂತ."

ಇದನ್ನು ಇವರು ಮನೆಗೆ ಬಂದು ನನಗೆ ಹೇಳಿದರು. ಉಪಯೋಗಕ್ಕೆ ಬರಬಾರದು ಎಂದು ಬೇಡಿಕೊಳ್ಳುತ್ತಲೇ ಒಂದು ವಸ್ತುವನ್ನು ಇಷ್ಟು ಜತನದಿಂದ ಕಾಯುವ ಗಂಡಸು ನನಗೆ ಸಿಕ್ಕಿದ್ದಾನಲ್ಲ ಎಂದು ಖುಷಿಯಾಯಿತು. ಮುದುಕಿ ಏನಂದಳು ಎಂದು ಕೇಳಿದೆ.

"ನಮ್ಮ ಅಳಿಯಾನೂ ಹಿಂಗೇ ದಿನಾ ಮೋಟರ್ ಸೈಕಲ್ ತಿಕ್ಕತಾನ, ಪೆಟ್ರೋಲ್ ಅಷ್ಟ ಹಾಕ್ಸಂಗಿಲ್ಲ, ಅಂದ್ಳು."

ಆಯುಧ ಪೂಜೆಯ ಜಗಳ

ನಮ್ಮ ಕಡೆ ಆಯುಧ ಪೂಜೆಯ ದಿನ ಕುಡುಗೋಲು, ಸುತ್ತಿಗೆ, ಮಿಕ್ಸಿ ಎಲ್ಲಕ್ಕೂ ವಿಭೂತಿ, ಕುಂಕುಮ. ಬಂದೂಕಿಗೆ ಬೇಡವೇ? ನಾನು ಕುಂಕುಮದ ಭರಣಿ ಹಿಡಿದು ಬಂದರೆ ಇವರು ಬಂದೂಕನ್ನು ಅಪ್ಪಿಕೊಂಡು ನಿಂತರು.

"ಏ, ದೂರ ಹಿಡಿ! ನಿನ್ನ ಕುಂಕುಮ, ಲಿಂಬಿಹಣ್ಣಿನ ರಸ ಬಿತ್ತಂದ್ರ ಕಬ್ಬಿಣಕ್ಕ ಕಲಿ ಬೀಳ್ತದ."

"ಹಬ್ಬದ ದಿನ ಬೋಳು ಹಣಿಲೇ ಇಡ್ತೀರೇನು?"

ವರ್ಷವೂ ಇದೇ ಜಗಳ, ವರ್ಷವೂ ಇದೇ ರಾಜಿ. ಬಂದೂಕಿಗೆ ಗವಸು ಮಾಡಿದ್ದು ನನ್ನ ಹಳೆಯ ಸೀರೆಯಿಂದ. ಆ ಗವಸಿಗೆ ಕುಂಕುಮ ಹಚ್ಚುತ್ತೇನೆ. ಅಂದರೆ ವರ್ಷವೂ ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ನನ್ನ ಸೀರೆಗೇ ಪೂಜೆ.

ಕಾಣೆಯಾದ ನಂಬರು

ಈ ವರ್ಷ ಲೈಸೆನ್ಸು ನವೀಕರಿಸಬೇಕಿತ್ತು. ಅದಕ್ಕೆ ಬಂದೂಕನ್ನು ಠಾಣೆಗೆ ಒಯ್ದು ತೋರಿಸಬೇಕು. ಆವತ್ತೇ ಶಹಾಬಾದಿನಲ್ಲಿ ನನ್ನ ತಂಗಿಯ ಬಸುರಿ ಮಗಳ ಕುಬಸ. ಠಾಣೆ ಮುಗಿಸಿ ಹಾಗೇ ಹೋಗೋಣವೆಂದು ನಾನೂ ರೇಷ್ಮೆ ಸೀರೆ ಉಟ್ಟು, ಚೀಲದಲ್ಲಿ ಕುಬಸದ ಸಾಮಾನು ತುಂಬಿಕೊಂಡು ಜೊತೆಗೆ ಹೊರಟೆ.

ಠಾಣೆಯ ಸಾಹೇಬರು ಬಂದೂಕು ನೋಡಿ ಖುಷಿಯಾದರು. "ಏನ್ ಹೊಳಪ್ರಿ ಇದು! ನಿನ್ನೆ ತಂದಂಗ ಅದ." ನಮ್ಮ ಮನೆಯವರ ಎದೆ ಉಬ್ಬಿತು. ಸಾಹೇಬರು ಲೈಸೆನ್ಸು ತೆಗೆದು, ನಳಿಗೆ ತಿರುವಿ ನೋಡಿದರು. ಮತ್ತೆ ತಿರುವಿದರು. ಕನ್ನಡಕ ಹಾಕಿಕೊಂಡರು.

"ನಂಬರ್ ಎಲ್ಲ್ಯದರಿ?"

ಕಬ್ಬಿಣದಲ್ಲಿ ಕೊರೆದ ನಂಬರು ಅದು, ಎಲ್ಲಿಗೆ ಹೋದೀತು? ಆದರೆ ವರ್ಷಗಟ್ಟಲೆ ಹಚ್ಚಿದ ಮೇಣ ಆ ಗೆರೆಗಳಲ್ಲಿ ತುಂಬಿ, ಗಟ್ಟಿಯಾಗಿ, ಕಪ್ಪಾಗಿ, ನಳಿಗೆಯ ಬಣ್ಣಕ್ಕೇ ಕೂಡಿಹೋಗಿತ್ತು. ಬೆರಳಾಡಿಸಿದರೆ ನುಣ್ಣಗೆ ಗಾಜು.

"ನಂಬರ್ ಅಳಿಸಿದ ಬಂದೂಕ ಅಂದ್ರ ಏನಂತ ಗೊತ್ತದ ಏನ್ರಿ? ನಾ ಸಹಿ ಹಾಕ್ಲಿಕ್ಕಾಗಂಗಿಲ್ಲ. ಇಲ್ಲೇ ಬಿಟ್ಟು ಹೋಗ್ರಿ, ತಪಾಸಣಿಗಿ ಕಳಸಬೇಕಾಗ್ತದ."

ಬಂದೂಕು ಠಾಣೆಯಲ್ಲಿ ಉಳಿದರೆ ನಾಳೆಯಿಂದ ಡ್ಯೂಟಿ ಇಲ್ಲ. ಅದು ಯಾವಾಗ ಮರಳಿ ಬಂದೀತೋ, ಅಲ್ಲಿಯವರೆಗೆ ಬ್ಯಾಂಕಿನವರು ಕಾದಾರೇ? ಜತನ ಮಾಡಿ ಮಾಡಿಯೇ ಕಳೆದುಕೊಳ್ಳುವುದೆಂದರೆ ಇದೇ. ನಮ್ಮ ಮನೆಯವರ ಮುಖ ನೋಡಿ ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ.

"ಕೊಡ್ರಿ ಇಲ್ಲಿ," ಎಂದು ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದೆ. ನಂಬರಿದ್ದ ಜಾಗ ಎಲ್ಲಿ ಎಂದು ಇವರನ್ನು ಕೇಳಿ, ಸಾಹೇಬರ ಎದುರಿಗೇ ಗೀರುತ್ತ ಹೋದೆ. ಮೇಣ ಪುಡಿಪುಡಿಯಾಗಿ ಎದ್ದಿತು. ಗೆರೆಗಳು ಸಿಕ್ಕವು, ಆದರೆ ಕಪ್ಪಿನ ಮೇಲೆ ಕಪ್ಪು, ಮೂರೋ ಎಂಟೋ ತಿಳಿಯಲಿಲ್ಲ. ಚೀಲದಲ್ಲಿ ಕುಬಸದ ಕುಂಕುಮದ ಭರಣಿ ಇತ್ತು. ಚಿಟಿಕೆ ತೆಗೆದು ಗೆರೆಗಳ ಮೇಲೆ ಒತ್ತಿ, ಸೆರಗಿನ ತುದಿಯಿಂದ ಮೇಲೆಮೇಲೆ ಒರೆಸಿದೆ. ಉಳಿದ ಮೇಣಕ್ಕೆ ಕುಂಕುಮ ಹಿಡಿದುಕೊಂಡು, ನಂಬರು ಕೆಂಪಗೆ ಎದ್ದು ನಿಂತಿತು.

ಸಾಹೇಬರು ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಲೈಸೆನ್ಸಿಗೆ ತಾಳೆ ನೋಡಿದರು. ಪಕ್ಕದಲ್ಲಿ ನಿಂತಿದ್ದ ಪೊಲೀಸಪ್ಪ ತನಗರಿವಿಲ್ಲದೆಯೇ ಟೋಪಿ ತೆಗೆದು ಬಂದೂಕಿಗೆ ಕೈಮುಗಿದ.

"ಬರೋಬ್ಬರಿ ಅದ," ಎಂದು ಸಾಹೇಬರು ಸಹಿ ಹಾಕಿದರು. "ಅಕ್ಕಾರ, ಪೂಜಾ ಅಂತೂ ಆಯ್ತು. ಕಾಯಿ ಒಂದು ಒಡಸ್ಲೇನ್ರಿ?"

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆವು. ನಾನು ಸೆರಗು ಹಿಡಿದು, "ಒರಸ್ಲೇನ್ರಿ? ಕಲಿ ಬೀಳ್ತದ ಅಂತಿದ್ರಲ್ಲ," ಎಂದೆ.

ಅವರು ಗಬಕ್ಕನೆ ನನ್ನ ಕೈ ಹಿಡಿದರು. "ಏ, ಮುಟ್ಟಬ್ಯಾಡ!"

ಆಮೇಲೆ ಜೇಬಿನಿಂದ ಡಬ್ಬಿ ತೆಗೆದು, ಬೆರಳ ತುದಿಗೆ ಇಷ್ಟೇ ಇಷ್ಟು ಮೇಣ ತಗೊಂಡು, ಆ ಕುಂಕುಮದ ಮೇಲೆ ತೆಳ್ಳಗೆ ಸವರಿದರು.

"ಇನ್ನ ಕುಂಕುಮಕ್ಕೂ ಜಂಗು ಹತ್ತಂಗಿಲ್ಲ, ನಡಿ."