ನಾನು ನಡೆಸಿಕೊಟ್ಟ ಓಣಿಯ ಸಭೆ

ಮೂಡುಬಿದಿರೆಯಲ್ಲಿ 'ಸಭೆ ನಡೆಸುವ ಕಲೆ' ಎಂಬ ತರಬೇತಿ ಮುಗಿಸಿ ಸಿದ್ಧಕಟ್ಟೆಯಲ್ಲಿ ಬಸ್ಸಿಳಿಯುವಾಗ, ಶಾಲಾ ಟೀಚರ್ ಆದ ನನಗೆ ವಿಶ್ವಸಂಸ್ಥೆಯ ಸಭೆಯನ್ನೂ ನಡೆಸಿಕೊಡಬಲ್ಲೆ ಎಂಬ ಧೈರ್ಯವಿತ್ತು. ನಮ್ಮ ಓಣಿಯದ್ದೇನು ಮಹಾ!

ಓಣಿ ಎಂದರೆ ನಮ್ಮ ಮನೆಯ ದಾರಿ. ಅದರಲ್ಲಿ ರಿಕ್ಷಾ ಹೋಗುವುದಿಲ್ಲ. ಗಂಟುನೋವಿನ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ರಸ್ತೆವರೆಗೆ ಹೊರಬೇಕು. ಎಡಬದಿಯ ಸೇಸಪ್ಪಣ್ಣ, ಬಲಬದಿಯ ಹಮೀದಾಕ ಎರಡೆರಡು ಅಡಿ ಜಾಗ ಬಿಟ್ಟರೆ ಪಂಚಾಯತಿನವರು ಕಾಂಕ್ರೀಟ್ ಹಾಕುತ್ತಾರೆ. ಆದರೆ ಒಂದು ಕೋಳಿಯ ದೆಸೆಯಿಂದ ಅವರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಭಾನುವಾರ ಸಂಜೆಯೊಳಗೆ ಒಪ್ಪಿಗೆ ಸಿಗದಿದ್ದರೆ ಕಾಂಕ್ರೀಟ್ ಬೇರೆ ಓಣಿಗೆ ಹೋಗುತ್ತದೆ ಎಂದು ಪಂಚಾಯತ್ ಮೆಂಬರು ಹೇಳಿಬಿಟ್ಟಿದ್ದರು.

"ನೀನು ಸುಮ್ಮನಿರು ಮಾರಾಯ್ತಿ. ನಾನು ಒಬ್ಬೊಬ್ಬರ ಹತ್ರ ಹೋಗಿ ಮಾತಾಡ್ತೇನೆ," ಎಂದರು ನನ್ನವರು.

"ಅದೆಲ್ಲ ಹಳೇ ಪದ್ಧತಿ!" ಎಂದೆ.

ಭಾನುವಾರ ಮಧ್ಯಾಹ್ನ ಇಬ್ಬರನ್ನೂ ಮನೆಗೆ ಕರೆಸಿ, ಕಲಿತ ಹಾಗೆಯೇ ಜಗಲಿಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಇಟ್ಟೆ. ಇಷ್ಟು ವರ್ಷ ಮುಖ ತಪ್ಪಿಸಿಕೊಂಡಿದ್ದವರು ಸರಿಯಾಗಿ ಎದುರುಬದುರಾದರು! ಒಬ್ಬರು ಮಾಡಿನ ಹೆಂಚು ನೋಡಿದರು, ಇನ್ನೊಬ್ಬರು ತಮ್ಮ ಕಾಲಿನ ಹೆಬ್ಬೆರಳು. ಅತ್ತೆ ತಮ್ಮ ಆಸ್ಪತ್ರೆಯ ಕುರ್ಚಿಯಲ್ಲೇ ಕೂತಿದ್ದರು.

"ಆತ್ಮೀಯ ಬಂಧುಗಳೇ," ಎಂದು ಶುದ್ಧ ಕನ್ನಡದಲ್ಲಿ ಆರಂಭಿಸಿದೆ. ದಿನವಿಡೀ ತುಳು ಮಾತಾಡುವವರೆಲ್ಲ ಶಾಲೆಗೆ ಇನ್‌ಸ್ಪೆಕ್ಟರ್ ಬಂದ ಹಾಗೆ ನೆಟ್ಟಗಾದರು. "ಪ್ರತಿಯೊಬ್ಬರೂ ತಮ್ಮ ಎದುರಿಗಿರುವವರ ಒಂದು ಒಳ್ಳೆಯ ಗುಣವನ್ನು ಹೇಳಬೇಕಾಗಿ ವಿನಂತಿ."

ಯಾರೂ ತುಟಿ ಬಿಚ್ಚಲಿಲ್ಲ.

ಮೌನಕ್ಕೆ ಹೆದರಬಾರದು, ಅದು ಫಲ ಕೊಡುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಕಾದೆ. ಅತ್ತೆಯ ಕಡೆ ನೋಡಲಿಕ್ಕೇ ಹೆದರಿಕೆ. ಕೊನೆಗೆ ಸೇಸಪ್ಪಣ್ಣ ಗಂಟಲು ಸರಿಮಾಡಿಕೊಂಡರು. ಬಂತು ಫಲ!

"ಚಾ ಉಂಟಾ ಟೀಚರೇ?"

"ತೀರ್ಮಾನ ಆದ ಮೇಲೆ," ಎಂದೆ. ಮನೆಗೆ ಬಂದವರಿಗೆ ಬೆಲ್ಲ-ನೀರು ಕೂಡ ಕೊಡದೆ ಕೂರಿಸಿದ್ದೇನೆಂದು ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಹಮೀದಾಕ ಎದ್ದು ಮೆಟ್ಟಿಲ ಬಳಿ ಚಪ್ಪಲಿ ಹುಡುಕತೊಡಗಿದ್ದರು. ದೇವರೇ, ಅತ್ತೆಗೆ ಇನ್ನು ಜೀವಮಾನವಿಡೀ ಕುರ್ಚಿ ಸವಾರಿಯೇ ಗತಿ! "ಚಾ ಈಗ ಬಂತು, ಕೂತುಕೊಳ್ಳಿ!" ಎಂದು ಒಳಗೋಡಿದೆ. ಗಡಿಬಿಡಿಯಲ್ಲಿ ಹಾಲು ಉಕ್ಕಿ ಒಲೆ ಆರಿತು.

ಜಗಲಿಯಿಂದ ತುಳುವಿನಲ್ಲಿ ಸೇಸಪ್ಪಣ್ಣನ ಪಿಸುದನಿ ಕೇಳಿತು. "ಟೀಚರಿಗೆ ಏನಾಗಿದೆ ಹಮೀದಾಕ? ಮೊದಲು ಸರಿ ಇದ್ರಲ್ಲ?"

"ತರಬೇತಿಗೆ ಹೋಗಿದ್ರಂತೆ ಮಾರಾಯ. ಪಾಪ!"

ಇಷ್ಟು ವರ್ಷಗಳಲ್ಲಿ ಅವರಾಡಿಕೊಂಡ ಮೊದಲ ಮಾತು! ಆಮೇಲೆ ನಗುವೋ ನಗು. ಅತ್ತೆಯದ್ದೇ ಎಲ್ಲರಿಗಿಂತ ಜೋರು. ನಾನು ಹೊರಗೆ ಬಂದರೆ ಎಲ್ಲಿ ಪುನಃ ಬಾಯಿ ಮುಚ್ಚುತ್ತಾರೋ ಎಂಬ ಭಯದಿಂದ ಚಾದ ಟ್ರೇ ಹಿಡಿದು ಬಾಗಿಲ ಹಿಂದೆಯೇ ನಿಂತೆ. "ಎರಡಡಿ ಸಾಲದು, ಅಮ್ಮನ ರಿಕ್ಷಾ ತಿರುಗಬೇಕಲ್ಲ. ಮೂರಡಿ ಬಿಡುವ," ಎಂದು ಹಮೀದಾಕ ಹೇಳುವಾಗ ಚಾ ತಣ್ಣಗಾಗಿತ್ತು. ನನ್ನ ಕಣ್ಣು ಒದ್ದೆಯಾಗಿತ್ತು.

ಮರುದಿನ, ಹಮೀದಾಕನ ಬಾಯಲ್ಲಿ ಸಭೆಯ ಕಥೆ ಕೇಳಿದ ಮೆಂಬರು ಮನೆಗೇ ಬಂದರು. "ಟೀಚರೇ, ಕೆಳಗಿನ ಓಣಿಯಲ್ಲೂ ಇಂಥದ್ದೇ ಜಗಳ ಉಂಟು. ನೀವೇ ಬರ್ಬೇಕು."

ನಾನು ಗಂಡನ ಕಡೆ ಹೆಮ್ಮೆಯಿಂದ ನೋಡಿದೆ.

"ಸಭೆ ಶುರು ಮಾಡಿ, ಕೂಡ್ಲೇ ಚಾ ಮಾಡ್ಲಿಕ್ಕೆ ಒಳಗೆ ಹೋಗಿ," ಎಂದರು ಮೆಂಬರು. "ಅಷ್ಟು ಮಾಡಿದ್ರೆ ಸಾಕು!"