ಸೋಲುವ ತಂಡಕ್ಕೊಂದು ಕಾಫಿ ಹರಕೆ

ಬೇಸ್‌ಬಾಲ್ ಹುಚ್ಚಿನವರನ್ನು ಕಟ್ಟಿಕೊಂಡ ಮನೆಯಲ್ಲಿ ನಗುವುದಕ್ಕೆ ಬೇರೆ ಕಾರಣ ಬೇಕಿಲ್ಲ. ತಂಡ ಸೋಲುತ್ತಿದ್ದರಂತೂ ದಿನಕ್ಕೊಂದು ಸಿಗುತ್ತದೆ.

೧. ಜೆರ್ಸಿ

ನಾವು ಅಮೆರಿಕದ ಹರ್ನ್‌ಡನ್‌ಗೆ ಬಂದಾಗಿನಿಂದ ಯಜಮಾನರು ಇಲ್ಲಿನ ತಂಡದ ಭಕ್ತರು. ಆ ತಂಡ 'ರೀಬಿಲ್ಡಿಂಗ್' ಶುರುಮಾಡಿತು. ಅಂದರೆ ಪಳಗಿದ ಆಟಗಾರರನ್ನು ಬೇರೆ ತಂಡಗಳಿಗೆ ದಾಟಿಸಿ, ಎಳೆಯರನ್ನು ತಂದು, ಅವರು ಬೆಳೆಯುವವರೆಗೆ ಸೋಲುತ್ತ ಕೂರುವುದು. ಎಷ್ಟೋ ದೇಶಗಳ ರೈಲು ನಿಲ್ದಾಣಗಳಲ್ಲಿ ಕಾದಿದ್ದೇನೆ. 'ತಡವಾಗುವುದೇ ನಮ್ಮ ಯೋಜನೆ' ಎಂಬ ಫಲಕ ಎಲ್ಲೂ ಕಂಡಿರಲಿಲ್ಲ.

ಇವರು ಮೆಚ್ಚಿನ ಆಟಗಾರನ ಹೆಸರಿದ್ದ ಜೆರ್ಸಿ ತರಿಸಿದರು. ಅದು ಬಾಗಿಲಿಗೆ ಬರುವಷ್ಟರಲ್ಲಿ ಅವನು ಬೇರೆ ತಂಡ ಸೇರಿದ್ದ.

ಮಗಳು ಸಮಾಧಾನ ಮಾಡಿದಳು: "ಅಪ್ಪಾ, ನೆಕ್ಸ್ಟ್ ಟೈಮ್ ಓನರ್ ಹೆಸರು ಹಾಕ್ಸಿ. ಹಿ ಈಸ್ ನಾಟ್ ಗೋಯಿಂಗ್ ಎನಿವೇರ್."

೨. ಹರಕೆ

ಮೈಸೂರಿನಿಂದ ಬಂದಿದ್ದ ಅತ್ತೆ, ಎಸಿ ಚಳಿಗೆ ಆ ಜೆರ್ಸಿಯನ್ನೇ ಸೀರೆಯ ಮೇಲೆ ತೊಟ್ಟರು. ಮಗನ ಸಪ್ಪೆ ಮುಖ ನೋಡಲಾರದೆ, "ಕಾಶೀಲಿ ಬಿಡೋ ಹಾಗೆ ಇಷ್ಟದ್ದು ಏನಾದ್ರೂ ಬಿಡ್ತೀನಿ ಅಂತ ಹರಕೆ ಹೊತ್ಕೊಳ್ಳೋ" ಎಂದರು.

ಹಾಗಲಕಾಯಿ ಬಿಡಬಹುದಿತ್ತು. ಇವರು, "ನಮ್ಮವರು ಪ್ಲೇಆಫ್ ಆಡೋವರೆಗೂ ಕಾಫಿ ಮುಟ್ಟಲ್ಲ" ಎಂದುಬಿಟ್ಟರು. ಪ್ಲೇಆಫ್ ಎಂದರೆ ವರ್ಷದ ಕೊನೆಗೆ ಗೆದ್ದ ತಂಡಗಳಷ್ಟೇ ಆಡುವ ಸುತ್ತು.

ಅಂದಿನಿಂದ ಇವರಿಗೆ ತಲೆನೋವು. ಟೋಲ್ ರೋಡಿನ ಟ್ರಾಫಿಕ್ಕಿಗೂ ನಾನೇ ಹೊಣೆ. "ಯಾವಾಗ ಗೆಲ್ತಾರಂತೆ?" ಎಂದರೆ, "ಒಳ್ಳೇದು ನಿಧಾನವಾಗೇ ಆಗೋದು. ತಾಳ್ಮೆ ಬೇಕು ಕಣೇ" ಎನ್ನುತ್ತಿದ್ದರು, ನನ್ನ ಲೋಟದ ಮೇಲೆ ಕಣ್ಣಿಟ್ಟು.

ಕೊನೆಗೆ ನಾನು ಗರಾಜಿನಲ್ಲಿ ನಿಂತು ಕಾಫಿ ಕುಡಿಯತೊಡಗಿದೆ.

೩. ತೀರ್ಪು

ಅಕ್ಟೋಬರ್ ಬಂತು. ನಮ್ಮ ತಂಡ ಎಂದಿನಂತೆ ಮನೆಯಲ್ಲಿತ್ತು; ಟಿವಿಯಲ್ಲಿ ಬೇರೆಯವರ ಪ್ಲೇಆಫ್. ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಇವನು ನನ್ನ ಸ್ವೆಟರಿನವನಲ್ವೇನೋ?"

"ಹೂಂ. ಅವನನ್ನ ಕಳಿಸಿಬಿಟ್ರಲ್ಲಮ್ಮ."

"ಕಳಿಸಿದ್ರೇನು? ನಿನ್ನ ತಂಗೀನ ಮದುವೆ ಮಾಡಿ ರಾಲಿ ಊರಿಗೆ ಕಳಿಸಿದ್ವಿ. ನಮ್ಮವಳಲ್ಲ ಅಂತೀಯಾ?"

ಇವರು ಟಿವಿಯ ಸದ್ದು ತಗ್ಗಿಸಿದರು. ಅತ್ತೆ ತೀರ್ಪು ಕೊಟ್ಟರು:

"ನಮ್ಮವನು ಆಡ್ತಿದ್ದಾನೆ. ಹರಕೆ ತೀರ್ತು. ಹೋಗಿ ಕಾಫಿ ಕುಡಿ."

ಇಷ್ಟು ಚುರುಕಾಗಿ ಇವರು ಅಡುಗೆಮನೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಫಿಲ್ಟರಿಗೆ ಆಗಷ್ಟೇ ಹೊಸ ಪುಡಿ ಹಾಕಿ ಬಿಸಿನೀರು ಸುರಿದಿದ್ದೆ. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಇವರು ಮುಚ್ಚಳ ತೆಗೆದು ಬಗ್ಗಿ ನೋಡಿದರು.

"ಇನ್ನೂ ಎಷ್ಟು ಹೊತ್ತೇ?"

"ರೀಬಿಲ್ಡಿಂಗ್ ನಡೀತಿದೆ ರೀ," ಎಂದೆ. "ತಾಳ್ಮೆ ಬೇಕು."